ಪ್ರಶ್ನೆಗೆ ಮೊದಲೇ ಬಂದ ಉತ್ತರ

"ರಾಕ್‌ಫಿಸ್ಕ್ ಏನಾದರೂ..." ಎಂದು ಮಾರಿತ್ ಕೇಳುತ್ತಿದ್ದಂತೆಯೇ ಫೋನಿನ ಆ ಕಡೆಯಿಂದ ಗುದ್ರುನ್ ಅಜ್ಜಿ "ಇಲ್ಲ" ಎಂದುಬಿಟ್ಟಳು.

ಅಲ್ಲಿಯವರೆಗೆ ಅಜ್ಜಿ ಯಾವುದಕ್ಕೂ ಅವಸರ ಮಾಡಿರಲಿಲ್ಲ. ಚೀಸ್ ಯಾವುದು, ಹ್ಯಾಮ್ ಎಷ್ಟು ಚೂರು, ಹಾಲು ಯಾವ ಅಂಗಡಿಯದು ಎಂದಾಗಲೆಲ್ಲ ಫ್ರಿಜ್ಜಿನ ಬಾಗಿಲು ತೆಗೆದು, ಕನ್ನಡಕ ಹುಡುಕಿ, ಡಬ್ಬಿಯ ಮೇಲಿನ ತಾರೀಖನ್ನೂ ಓದಿ ಹೇಳಿದ್ದಳು. ಅವಳ ಗಂಡ ಆರು ದಿನದಿಂದ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದ. ಕೆಟ್ಟ ಆಹಾರದಿಂದ ಬರುವ ಲಿಸ್ಟೀರಿಯಾ ಸೋಂಕು ಮಿದುಳಿಗೆ ಏರಿತ್ತು. ಮುದುಕರನ್ನೂ ಬಸುರಿಯರ ಹೊಟ್ಟೆಯ ಕೂಸುಗಳನ್ನೂ ಹುಡುಕಿ ಹಿಡಿಯುವ ರೋಗ ಅದು. ಯಾವ ಊಟದಿಂದ ಬಂತೆಂದು ಬೇಗ ಗೊತ್ತಾಗಬೇಕಿತ್ತು.

"ಒಂದು ತುಂಡೂ ತಿಂದಿಲ್ವಾ ಅಜ್ಜಿ? ನವೆಂಬರ್ ಅಲ್ವಾ?"

"ಇಲ್ಲ ಅಂದ್ನಲ್ಲ. ಮುಂದಿಂದು ಕೇಳು ಹುಡುಗಿ, ಒಲೆ ಮೇಲೆ ಆಲೂಗಡ್ಡೆ ಇಟ್ಟಿದ್ದೀನಿ."

ಮಾರಿತ್ "ಇಲ್ಲ" ಎಂಬ ಚೌಕದಲ್ಲಿ ಗುರುತು ಹಾಕಿದಳು. ಪ್ರಾದೇಶಿಕ ಆರೋಗ್ಯ ಕೇಂದ್ರದ ಸೋಂಕು ನಿಗಾ ವಿಭಾಗಕ್ಕೆ ಅವಳು ತರಬೇತಿಗೆ ಬಂದು ಅಂದಿಗೆ ಒಂಬತ್ತು ದಿನ. ಮೇಲಿನ ಕಣಿವೆಯಿಂದ ಮೂವರು ರೋಗಿಗಳು, ಮೂವರ ರಕ್ತದಲ್ಲೂ ಒಂದೇ ತಳಿಯ ಬ್ಯಾಕ್ಟೀರಿಯಾ. ಒಬ್ಬ ಆಗಲೇ ತೀರಿಕೊಂಡಿದ್ದ. ಮೂರು ಮನೆಯವರೂ ನಲವತ್ತು ಪುಟದ ಪ್ರಶ್ನಾವಳಿಯಲ್ಲಿ ಈ ಒಂದಕ್ಕೆ ಮಾತ್ರ ಬಾಯಿ ತೆರೆಯಲೂ ಬಿಡದೆ ಉತ್ತರ ಕೊಟ್ಟಿದ್ದರು. ರಾಕ್‌ಫಿಸ್ಕ್ ಎಂದರೆ ಉಪ್ಪಿನಲ್ಲಿ ತಿಂಗಳುಗಟ್ಟಲೆ ಹುಳಿಬಂದ ಮೀನು; ಅದನ್ನು ಬೇಯಿಸದೆ ಹಾಗೇ ತಿನ್ನುವ ಕಾಲ ಇದು. ಅದನ್ನು ಮುಟ್ಟದ ಮನೆ ನಾರ್ವೆಯ ಒಂದು ಕಣಿವೆಯಲ್ಲಿ ಒಂದಿದ್ದೀತು. ಮೂರು, ಅದೂ ಈ ಮೂರೇ?

ಅವಳಿಗೆ ಕೆಲಸ ಕಲಿಸುತ್ತಿದ್ದ ಹಿರಿಯ ಅಧಿಕಾರಿ ಹಾಲ್ವಾರ್ಡ್, ಕಾಗದದಲ್ಲಿ ಸುತ್ತಿ ತಂದ ಬ್ರೆಡ್ಡಿನ ಬುತ್ತಿ ಬಿಚ್ಚುತ್ತಿದ್ದ. ಅವನೂ ಆ ಕಣಿವೆಯವನೇ.

"ಮೂರೂ ಮನೆಯವರು ಸುಳ್ಳು ಹೇಳ್ತಿದ್ದಾರೆ ಅನ್ಸುತ್ತೆ," ಎಂದಳು ಮಾರಿತ್.

"ಅವರು ಹೇಳಿದ್ದನ್ನ ಬರ್ಕೋ, ಸಾಕು. ನಾವೇನು ಪೊಲೀಸರಾ? ಹ್ಯಾಮ್ ಕಡೆ ನೋಡು."

"ಮೂವರದೂ ಬೇರೆ ಬೇರೆ ಅಂಗಡಿ ಹ್ಯಾಮ್."

"ಹಾಗಾದ್ರೆ ಚೀಸ್ ನೋಡು." ಅವನು ನಕ್ಕ. "ಒಂಬತ್ತೇ ದಿನಕ್ಕೆ ಪತ್ತೇದಾರಿ ಆಗ್ಬಿಟ್ಯಲ್ಲ!"

ಅವನು ನಕ್ಕರೂ ಬ್ರೆಡ್ಡನ್ನು ತಿನ್ನಲಿಲ್ಲ. ಮಾರಿತ್ ತನ್ನ ಮೇಜಿಗೆ ಮರಳಿದಳು. ವಿಭಾಗದ ಪಾಳಿ ಮೊಬೈಲು ಈ ವಾರ ಅವಳ ಬಳಿ ಇತ್ತು, ಹಿಂದಿನ ವಾರ ಹಾಲ್ವಾರ್ಡ್ ಬಳಿ. ಹಳೆಯ ಕರೆಗಳ ಪಟ್ಟಿ ತೆರೆದಳು. ಭಾನುವಾರ ಬೆಳಿಗ್ಗೆ ಅದೇ ಮೂರು ಮನೆಗಳಿಗೆ ಕರೆ ಹೋಗಿತ್ತು. ಗುದ್ರುನ್ ಅಜ್ಜಿಯ ಜೊತೆ ಹನ್ನೆರಡು ನಿಮಿಷ. ಮೂವರದೂ ಒಂದೇ ತಳಿ ಎಂದು ಪ್ರಯೋಗಾಲಯ ತಿಳಿಸಿದ್ದು ಮಂಗಳವಾರ. ಅದಕ್ಕೆ ಎರಡು ದಿನ ಮೊದಲೇ ಈ ಮೂರು ಮನೆಗಳೇ ಎಂದು ಹಾಲ್ವಾರ್ಡ್‌ಗೆ ಹೇಗೆ ಗೊತ್ತಾಯಿತು? ತರಬೇತಿ ಮುಗಿದ ಪತ್ರಕ್ಕೆ ಸಹಿ ಹಾಕಬೇಕಾದವನು ಅವನೇ.

ಆದರೂ ಅಜ್ಜಿಗೆ ಮತ್ತೆ ಫೋನ್ ಮಾಡಿದಳು. ಈ ಸಲ ಪ್ರಶ್ನಾವಳಿಯನ್ನು ಮುಟ್ಟಲಿಲ್ಲ. ಮನೆಯಲ್ಲಿ ಮಾಡಿದ ಮೀನನ್ನು ಯಾರೂ ಮಾರುವುದಿಲ್ಲ, ಬಕೆಟ್ಟಿನಲ್ಲಿ ತುಂಬಿ ಕೊಡುತ್ತಾರೆ. ಬಕೆಟ್ಟನ್ನು ಮಾತ್ರ ತೊಳೆದು ಹಿಂದಿರುಗಿಸಬೇಕು, ಇಲ್ಲದಿದ್ದರೆ ಮುಂದಿನ ವರ್ಷ ಮೀನಿಲ್ಲ. ಮಾರಿತ್‌ಳ ಅತ್ತೆಯ ಮನೆಯಲ್ಲೂ ಇದೇ ಕಟ್ಟಳೆ.

"ಅಜ್ಜಿ, ಬಕೆಟ್ ವಾಪಸ್ ಕೊಟ್ರಾ?"

"ಕೊಡದೇ ಇರ್ತೀನಾ? ಭಾನುವಾರವೇ ಸ್ಟೈನಾರ್ ಬಂದು ಒಯ್ದ. ಅವನ ಅಣ್ಣ ಹೇಳಿದ ಹಾಗೇ ಕುದಿಯೋ ನೀರಲ್ಲಿ ಎರಡು ಸಲ ತೊಳೆದಿದ್ದೀನಿ. ಬೇಕಾದ್ರೆ ನಿಮ್ಮ ಹಾಲ್ವಾರ್ಡನ್ನೇ ಕೇಳು." ತಾನು ಏನು ಹೇಳಿದೆನೆಂದು ಆಮೇಲೆ ಹೊಳೆಯಿತೇನೋ, ಅಜ್ಜಿಯ ದನಿ ಸಣ್ಣದಾಯಿತು. "ಹುಡುಗಿ, ಸ್ಟೈನಾರ್ ಪಾಪದವನು. ಇದನ್ನೆಲ್ಲ ಬರೀಬೇಡ ಕಣೇ."

ಮಾರಿತ್ ಹಾಲ್ವಾರ್ಡನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

"ನಿಮ್ಮ ತಮ್ಮ ಎಷ್ಟು ಬಕೆಟ್ ಕೊಟ್ಟಿದ್ದ?" ಎಂದಷ್ಟೇ ಕೇಳಿದಳು.

ಹಾಲ್ವಾರ್ಡ್ ಬುತ್ತಿಯ ಕಾಗದವನ್ನು ಮಡಚಿದ, ಮತ್ತೆ ಮಡಚಿದ. "ಎಲ್ಲ ವಾಪಸ್ ತರಿಸಿ ಚೆಲ್ಲಿಸಿದ್ದೀನಿ ಮಾರಿತ್. ಹೆಸರು ಹೊರಗೆ ಬಂದ್ರೆ ಅವನು ಆ ಕಣಿವೆಯಲ್ಲಿ ಮುಖ ಎತ್ತಿ ಓಡಾಡೋ ಹಾಗಿಲ್ಲ. ಒಬ್ಬರು ಸತ್ತಿದ್ದಾರೆ, ನಿನಗೂ ಗೊತ್ತು."

"ಎಷ್ಟು ಕೊಟ್ಟಿದ್ದ?"

"ಹನ್ನೊಂದು. ಬೇಟೆ ತಂಡದ ಕೂಟದಲ್ಲಿ ಮೂಲೆಗಿಟ್ಟಿದ್ನಂತೆ, ಬೇಕಾದವರು ಎತ್ಕೊಂಡು ಹೋದ್ರು. ಯಾರ್ಯಾರು ಅಂತ ಅವನು ನೋಡಿಲ್ಲ."

"ವಾಪಸ್ ಬಂದಿದ್ದು?"

ಅವನು ಕಿಟಕಿಯ ಕಡೆ ತಿರುಗಿದ.

"ಹತ್ತು."

ಮಾರಿತ್ ಮೊಬೈಲನ್ನು ಅವನ ಮುಂದೆ ಇಟ್ಟಳು. "ಇವತ್ತು ಶುಕ್ರವಾರ. ನಾಳೆ ಯಾರೋ ಅದನ್ನ ನೆಂಟರಿಗೆ ಬಡಿಸ್ತಾರೆ. ತಂಡದ ಒಬ್ಬೊಬ್ಬರಿಗೂ ಫೋನ್ ಮಾಡಿ, ಈಗಲೇ. ಕೇಳಿ."

"ಐದು ದಿನದಿಂದ ಕೇಳ್ತಾನೇ ಇದ್ದೀನಿ," ಎಂದ ಹಾಲ್ವಾರ್ಡ್. "'ಯಾವ ಮೀನು?' ಅಂತಾರೆ. ಯಾರು ಕೇಳಿದ್ರೂ ಮೀನು ತಿಂದಿಲ್ಲ ಅನ್ನಿ ಅಂತ ನಾನು ಹೇಳಿಕೊಟ್ಟ ಪಾಠಾನ ನನಗೇ ಒಪ್ಪಿಸ್ತಾರೆ."