ಅಮ್ಮನ ಪಕ್ಕದ ಸೀಟು

ಸಿನಿಮಾ ಮುಗಿಸಿ ಸೊಸೆಯ ಕೈ ಹಿಡಿದು ಮನೆಯೊಳಗೆ ಬಂದ ಅಮ್ಮನ ಮೂಗು ಕೆಂಪಗಾಗಿತ್ತು. ಚಪ್ಪಲಿ ಕಳಚುವ ಮೊದಲೇ ಕುರ್ಚಿಗೆ ಒರಗಿ, "ಅಬ್ಬಬ್ಬಾ, ಎಷ್ಟು ಅತ್ತುಬಿಟ್ಟೆ ಗೊತ್ತಾ! ಕಣ್ಣು ಹೋದಮೇಲೆ ಇವತ್ತೇ ನೋಡು, ಸಿನಿಮಾ ನೋಡಿದ ಹಾಗಾಗಿದ್ದು," ಎಂದಳು.

ಬಿಸಿನೀರು ಕುಡಿಯುತ್ತಿದ್ದ ಮಗಳು ಲೋಟ ಕೆಳಗಿಟ್ಟಳು. ನೆಗಡಿಗೆ ಗಂಟಲು ಕಟ್ಟಿ ದನಿಯೇ ಹೊರಡದಿದ್ದ ಕಾರಣ, ಇದೊಂದು ಸಲ ಅಂತ, ಅಮ್ಮನ ಪಕ್ಕದ ಸೀಟನ್ನು ತಮ್ಮನ ಹೆಂಡತಿಗೆ ಬಿಟ್ಟುಕೊಟ್ಟಿದ್ದಳು. ಒಂದೇ ಸಲಕ್ಕೆ ಇಷ್ಟು!

ಚರ್ಚಿನ ಮಕ್ಕಳೆಲ್ಲ ಈ ಮಗಳನ್ನು ಕರೆಯುತ್ತಿದ್ದುದೇ ಸಿನಿಮಾ ಟೀಚರ್ ಎಂದು. ಭಾನುವಾರದ ಪಾಠ ಎಲ್ಲಿಂದ ಶುರುವಾದರೂ ಯಾವುದಾದರೊಂದು ಸಿನಿಮಾಕ್ಕೆ ಬಂದೇ ನಿಲ್ಲುತ್ತಿತ್ತು. ಪರದೆಯ ಮೇಲಿನ ಯಾರದೋ ಕಷ್ಟಕ್ಕೆ ಕಣ್ಣೀರು ಹಾಕುವುದೂ ಪ್ರಾರ್ಥನೆಯೇ, ಗುರುತಿಲ್ಲದವರಿಗಾಗಿ ಅಳಲು ಬಾರದವರು ದೇವರ ಮುಂದೆ ತಾನೇ ಏನು ಅತ್ತಾರು ಎಂಬುದು ಅವಳ ವಾದ. ಪಾದ್ರಿಗಳು ನಕ್ಕು ಸುಮ್ಮನಾಗಿದ್ದರು. ಹೊಸ ಸಿನಿಮಾ ಬಂದರೆ ಮೊದಲು ಒಬ್ಬಳೇ ಹೋಗಿ ಹೊಟ್ಟೆ ತುಂಬ ಅತ್ತು ಬರುವಳು. ಆಮೇಲೆ ಅಮ್ಮನನ್ನು ಕರೆದೊಯ್ದು, ಯಾರು ಯಾವ ಬಾಗಿಲಿಂದ ಬಂದರು, ಅಂಗಿ ಯಾವ ಬಣ್ಣ, ಎಲ್ಲವನ್ನೂ ಕಿವಿಯಲ್ಲಿ ಪಿಸುಗುಟ್ಟುವಳು. ಸೋಸಿಯೇ ಹೇಳುತ್ತಿದ್ದಳು ಅನ್ನಿ. ಹೆಂಡದ ಗ್ಲಾಸು ಶರಬತ್ತಾಗುತ್ತಿತ್ತು. ಮುತ್ತು ಕೊಡುವಾಗ ಮಾತ್ರ "ಏನೋ ಮಾತಾಡ್ತಿದಾರಮ್ಮ" ಎನ್ನುವಳು. "ಮಾತಾಡ್ತಿದ್ರೆ ಕೇಳಿಸ್ಬೇಕಲ್ಲೇ? ಕಣ್ಣು ಹೋಗಿರೋದು, ಕಿವಿ ಅಲ್ಲ," ಎಂದು ಅಮ್ಮ ರೇಗಿದ್ದೂ ಉಂಟು.

"ಅಂಥಾದ್ದೇನು ಹೇಳಿದಳಮ್ಮ ಅವಳು?" ಟೀಚರ್ ಒಡಕು ದನಿಯಲ್ಲೇ ಕೇಳಿದಳು.

"ಏನೋಮ್ಮ, ಅವಳು ಹೇಳೋದೇ ಬೇರೆ ಥರ. ಮುಂದಿನ ವಾರಾನೂ ಅವಳೇ ಬರ್ಲಿ ಬಿಡು. ನಿನ್ನ ಗಂಟಲಿಗೂ ರೆಸ್ಟು."

"ಅಯ್ಯೋ, ನಾನೇನೂ ಹೇಳ್ಲಿಲ್ಲ ಅತ್ತಿಗೆ," ಎಂದು ತಮ್ಮನ ಹೆಂಡತಿ ನಕ್ಕಳು. ಆ ನಗು ನೋಡಿ ಟೀಚರಿಗೆ ಮೈಯೆಲ್ಲ ಉರಿಯಿತು. ಒಂದು ಸಿನಿಮಾದ ಹೆಸರು ನೆಟ್ಟಗೆ ನೆನಪಿಟ್ಟುಕೊಳ್ಳಲಾರದವಳು, ಹಾಡು ಬಂದರೆ ಆಕಳಿಸುವವಳು, ಇವಳು ಅಮ್ಮನನ್ನು ಅಳಿಸಿದಳಂತೆ!

ವಾರವೆಲ್ಲ ಪಾತ್ರೆ ಕುಕ್ಕಿದ್ದೇ ಕುಕ್ಕಿದ್ದು. ಹೊಟ್ಟೆಕಿಚ್ಚು ಅನ್ನುವುದು ಅವಳಿಗೂ ಗೊತ್ತಿತ್ತು. ಪರರದ್ದನ್ನು ಬಯಸಬೇಡ ಎನ್ನುವ ಬೈಬಲಿನ ಹತ್ತನೇ ಆಜ್ಞೆಯನ್ನು ಮಕ್ಕಳಿಂದ ಬಾಯಿಪಾಠ ಹೇಳಿಸುವಾಗ, ಪರರ ಮನೆ, ಎತ್ತು, ಕತ್ತೆ ಎಲ್ಲ ಬಂತು, ತಾಯಿಯ ಸುದ್ದಿಯೇ ಇಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡಳು. ಅಷ್ಟಕ್ಕೂ ತನ್ನ ಅಮ್ಮನನ್ನು ತಾನು ಬಯಸಿದರೆ ಪಾಪ ಹೇಗಾದೀತು? ಗಂಟಲು ಆಗಲೇ ಸರಿಹೋಗಿತ್ತು, ಯಾರಿಗೂ ಹೇಳಲಿಲ್ಲ. ಶನಿವಾರ ಚಿತ್ರಮಂದಿರದಲ್ಲಿ ದೀಪ ಆರಿದ ಮೇಲೆ ತಲೆತುಂಬ ಶಾಲು ಹೊದ್ದು ಹೋಗಿ, ಅತ್ತೆ-ಸೊಸೆಯ ಹಿಂದಿನ ಸಾಲಿನಲ್ಲಿ ಕೂತಳು. ಅವಳು ಹೇಳುವುದರಲ್ಲಿ ತಪ್ಪು ಹುಡುಕಬೇಕಿತ್ತು.

ತಮ್ಮನ ಹೆಂಡತಿ ಪರದೆಯ ಕಡೆ ನೋಡುತ್ತಲೇ ಇರಲಿಲ್ಲ. ಕತ್ತು ಅತ್ತಿತ್ತ ತಿರುಗಿಸುತ್ತ ಜನರನ್ನು ನೋಡುತ್ತಿದ್ದಳು.

"ಅತ್ತೆ, ಬಲಗಡೆ ಒಬ್ಬ ಪೊಲೀಸಿನವನು ಕೂತಿದಾನೆ. ಟೋಪೀನ ಬಾಯಿಗೆ ಒತ್ತಿಕೊಂಡು ಗಳಗಳ ಅಳ್ತಿದಾನೆ."

"ಅಯ್ಯೋ, ಪಾಪ!"

"ಅವನ ಹೆಂಡ್ತಿ ಬೇಕೂಂತಲೇ ಈ ಕಡೆ ತಿರುಗಿದಾಳೆ. ನೋಡಿಬಿಟ್ರೆ ಅವನಿಗೆ ನಾಚ್ಕೆ ಆಗುತ್ತೇಂತ."

ಅಮ್ಮ ಬಿಕ್ಕಿದಳು. ಸೊಸೆ ಮಾತು ನಿಲ್ಲಿಸಿ ಸುಮ್ಮನೆ ಕೂತಳು. ಹಿಂದಿನ ಸಾಲಿನಲ್ಲಿ ಟೀಚರಿನ ಕೈ ತಾನಾಗಿ ಮುಂದೆ ಹೋಯಿತು. ಅಮ್ಮನ ಉಸಿರು ಹೀಗೆ ನಡುಗಿದಾಗಲೆಲ್ಲ ಭುಜ ತಟ್ಟಿ, "ಅಳಬೇಡಮ್ಮ, ನಾನು ನೋಡಿದೀನಲ್ಲ, ಕೊನೆಗೆ ಎಲ್ಲ ಸರಿಹೋಗುತ್ತೆ," ಎಂದುಬಿಡುವುದು ಅವಳ ರೂಢಿ. ಈಗ ತಟ್ಟುವ ಹಾಗಿರಲಿಲ್ಲ. ಅಮ್ಮ ಅತ್ತಳು, ಇನ್ನೂ ಅತ್ತಳು, ಆಮೇಲೆ ಮೂಗು ಒರೆಸಿಕೊಂಡು ಹಗುರಾಗಿ ಸೊಸೆಯ ಹೆಗಲಿಗೆ ತಲೆಯಿಟ್ಟಳು. ಇಷ್ಟು ವರ್ಷದಲ್ಲಿ ಮಗಳ ಹೆಗಲಿಗೆ ಒಮ್ಮೆಯೂ ಆ ತಲೆ ಬಂದಿರಲಿಲ್ಲ. ಟೀಚರಿಗೆ ಕಣ್ಣು ತುಂಬಿ ಬಂತು, ತಡೆಯಲಾಗಲಿಲ್ಲ.

ಅಷ್ಟರಲ್ಲಿ ಪರದೆಯ ಮೇಲೆ ಒಬ್ಬ ಡುಮ್ಮಣ್ಣ ಈಗಷ್ಟೇ ಬಣ್ಣ ಬಳಿದಿದ್ದ ಬೆಂಚಿನ ಮೇಲೆ ಕೂತ. ಚಿತ್ರಮಂದಿರವೆಲ್ಲ ಹೋ ಎಂದು ನಕ್ಕಿತು, ಪೊಲೀಸಿನವನೂ ನಕ್ಕ. ಯಾರು ಹೆಚ್ಚು ನಗುತ್ತಿದ್ದಾರೆಂದು ನೋಡಲು ತಮ್ಮನ ಹೆಂಡತಿ ಹಿಂದಕ್ಕೆ ತಿರುಗಿದಳು. ಶಾಲಿನೊಳಗಿನ ಮುಖ ಕಂಡು ಹಾಗೇ ಉಳಿದಳು. ಹೇಳಬೇಡ ಎಂದು ಟೀಚರ್ ತಲೆಯಾಡಿಸಿದಳು.

"ಯಾಕೇ ಸುಮ್ಮನಾದೆ? ಹಿಂದೆ ಯಾರಿದಾರೆ?" ಅಮ್ಮ ಕೇಳಿದಳು.

"ಒಬ್ರು ಹೆಂಗಸು, ಅತ್ತೆ." ಸೊಸೆಯ ಮಾತು ತಡವರಿಸಿತು. "ಅಳ್ತಿದಾರೆ."

"ಎಲ್ರೂ ನಗೋವಾಗ?"

"ಹ್ಞೂಂ."

ಅಮ್ಮ ತನ್ನ ಕರ್ಚೀಫನ್ನು ಮಡಿಸಿ, ಸೀಟಿನ ಮೇಲಿಂದ ಅಂದಾಜಿನ ಮೇಲೆ ಕೈಯನ್ನು ಹಿಂದಕ್ಕೆ ಚಾಚಿದಳು.

"ತಗೋಮ್ಮ. ನಾಚ್ಕೋಬೇಡ, ಮನಸಾರೆ ಅತ್ತುಬಿಡು. ಪುಣ್ಯಕ್ಕೆ ಇವತ್ತು ನನ್ನ ಮಗಳು ಬಂದಿಲ್ಲ."