ತಗ್ಗು ಬೀಳದ ರೆಕ್ಕೆ

ಕೈಜಾರಿದ ಸ್ಪ್ಯಾನರ್ ವಿಮಾನದ ರೆಕ್ಕೆಯ ಮೇಲೆ ಬಿದ್ದಾಗ ಹಳೇ ಮೆಕ್ಯಾನಿಕ್‌ನ ಜೀವ ಬಾಯಿಗೆ ಬಂತು. ಮೂವತ್ತು ವರ್ಷ ಅಲ್ಯೂಮಿನಿಯಂ ರೆಕ್ಕೆಗಳ ತಗ್ಗು ಹುಡುಕಿದ ಬೆರಳುಗಳಿಂದ ಆ ಜಾಗವನ್ನು ಸವರಿದ. ತಗ್ಗಿಲ್ಲ, ಗೀರೂ ಇಲ್ಲ. “ಸದ್ಯ, ಏನೂ ಆಗಿಲ್ಲ,” ಎಂದ.

ಜೊತೆಗೇ ಕೆಲಸ ಮಾಡುವ ಮಗಳು ನಾಣ್ಯವೊಂದನ್ನು ಅವನ ಕೈಗಿಟ್ಟಳು. “ಈ ರೆಕ್ಕೆ ತಗಡಲ್ಲಪ್ಪಾ, ಕಾರ್ಬನ್ ಎಳೆಯ ಪದರಗಳನ್ನ ಅಂಟಿಸಿ ಮಾಡಿದ್ದು. ಪೆಟ್ಟು ಬಿದ್ರೆ ಮೇಲೆ ಕಾಣಲ್ಲ, ಒಳಗೇ ಪದರ ಬಿಟ್ಕೊಂಡಿರತ್ತೆ. ಈ ನಾಣ್ಯದಿಂದ ತಟ್ಟಿ ನೋಡು.”

ತಟ್ಟಿದ. ಟಕ್, ಟಕ್. ಸ್ಪ್ಯಾನರ್ ಬಿದ್ದಲ್ಲಿಗೆ ಬಂದಾಗ ದಬ್ ಎಂದಿತು, ಬಿರುಕುಬಿಟ್ಟ ಮಡಕೆಯ ಹಾಗೆ.

“ಪುಣ್ಯ, ಈಗಲೇ ಗೊತ್ತಾಯ್ತಲ್ಲ,” ಎಂದಳು ಮಗಳು. ಅವನು ನಾಣ್ಯವನ್ನು ಅವಳಿಗೆ ಹಿಂದಿರುಗಿಸಿದ. “ಹೋದ ವಾರ ಪಕ್ಕದ ವಿಮಾನದ ಮೇಲೂ ಬೀಳಿಸಿದ್ದೆ ಕಣಮ್ಮಾ. ಸವರಿ ನೋಡಿ ಸುಮ್ಮನಾದೆ.”

ಇಬ್ಬರೂ ತಿರುಗಿದರು. ಪಕ್ಕದ ಜಾಗ ಖಾಲಿಯಿತ್ತು.