ಸುಲೋಚನಮ್ಮನ ನಾಲಿಗೆ

ಮೊದಲ ಚಮಚ ಸಾರು ಬಾಯಿಗಿಟ್ಟ ಸುಲೋಚನಮ್ಮ ನುಂಗದೆ ಹಾಗೇ ಕೂತಳು. ಕಣ್ಣು ಮುಚ್ಚಿ ಅದನ್ನು ಬಾಯೊಳಗೆ ಅತ್ತಿತ್ತ ಆಡಿಸಿದಳು. ಎದುರು ಕೂತ ಗಂಡ ತೋಟಪ್ಪ ಅವಳ ಮುಖವನ್ನೇ ನೋಡುತ್ತಿದ್ದ.

“ಏನಾರ ಗೊತ್ತಾತಾ?”

“ಬಿಸಿ ಐತೆ,” ಎಂದಳು ನುಂಗಿ. “ಅಷ್ಟೇ.”

ಬೆಂಗಳೂರಿನ ಗಲ್ಲಿಯೊಂದರಲ್ಲಿ ಜಪಾನಿ ಶ್ಯಾವಿಗೆ ಸಾರು ಮಾರುವ ಆ ರಾಮೆನ್ ಅಂಗಡಿಯಲ್ಲಿ ಇದ್ದದ್ದೇ ನಾಲ್ಕು ಮೇಜು. ಸುತ್ತ ಕಾಲೇಜು ಹುಡುಗ ಹುಡುಗಿಯರು ಬಟ್ಟಲಿಗೆ ಬಾಗಿ ಉದ್ದುದ್ದ ಶ್ಯಾವಿಗೆಯನ್ನು ಸೊರ್ ಎಂದು ಎಳೆದು ತಿನ್ನುತ್ತಿದ್ದರು. ಗಂಟಲಿನ ಕ್ಯಾನ್ಸರ್ ಗಡ್ಡೆಗೆ ಕರೆಂಟು, ಅಂದರೆ ರೇಡಿಯೇಶನ್, ಕೊಡಿಸಿಕೊಳ್ಳಲು ಚಳ್ಳಕೆರೆಯಿಂದ ಬಂದು ಆಸ್ಪತ್ರೆಯ ಬೆಂಚಿನಲ್ಲಿ ಕಾಯುತ್ತಿದ್ದ ದಿನಗಳಲ್ಲಿ, ಗಂಜಿಯೂ ಇಳಿಯದ ಸುಲೋಚನಮ್ಮ ಜಪಾನಿನವರು ಇದನ್ನು ತಿನ್ನುವುದನ್ನು ಮೊಬೈಲಿನಲ್ಲಿ ನೋಡುತ್ತಿದ್ದಳು. “ವಾಸಿಯಾದ್ಮೇಲೆ ಒಂದ್ಸಲ ತಿನ್ಬೇಕು ಕಣ್ರಿ,” ಎಂದಿದ್ದಳು. ಇವತ್ತು ಬೆಳಿಗ್ಗೆ ಡಾಕ್ಟರು ರೋಗ ಹೋಗಿದೆ ಎಂದರು. ಕರೆಂಟಿನಿಂದ ಹೋದ ನಾಲಿಗೆಯ ರುಚಿ ಮರಳಿ ಬರಬಹುದು, ಕೆಲವರಿಗೆ ಬರುವುದೇ ಇಲ್ಲ ಎಂದೂ ಹೇಳಿದರು. ತೋಟಪ್ಪ ಆಟೋದವರನ್ನು ಕೇಳಿ ಕೇಳಿ ಈ ಅಂಗಡಿ ಹುಡುಕಿ, ಮಾಂಸ ಮೊಟ್ಟೆ ಹಾಕದ ಒಂದು ಬಟ್ಟಲು ತರಿಸಿದ್ದ.

ಅವಳು ಬಟ್ಟಲನ್ನು ಅವನ ಕಡೆ ತಳ್ಳಿದಳು. “ನೀವು ತಿನ್ರಿ. ತಿಂದು ಹೆಂಗೈತೆ ಅಂತ ನಂಗೆ ಹೇಳ್ರಿ.”

“ಇದೆಲ್ಲ ನಂಗೇನ್ ಗೊತ್ತಾಗುತ್ತೆ!”

“ನಾಲಿಗೆ ಐತಲ್ಲ ನಿಮಗೆ.”

ಶೇಂಗಾ ಮಂಡಿಯಲ್ಲಿ ದಿನವಿಡೀ ಗಂಟಲು ಹರಿಯುವಂತೆ ಮಾತಾಡುವ ತೋಟಪ್ಪ ಊಟಕ್ಕೆ ಕೂತರೆ ಮೂಕ. ಮದುವೆಯಾದಾಗಿನಿಂದ ಹಾಕಿದ್ದನ್ನು ಉಂಡು ಕೈ ತೊಳೆದವನು. ಚೆನ್ನಾಗಿದೆ ಎಂದವನಲ್ಲ, ಇಲ್ಲ ಎಂದವನೂ ಅಲ್ಲ. ಈಚೆಗೆ ಅವಳು ಅಂದಾಜಿನ ಮೇಲೆ ಉಪ್ಪು ಹಾಕಿ ಅಡುಗೆ ಕೆಡಿಸಿದಾಗಲೂ ಹಾಗೇ ಉಂಡು ಎದ್ದಿದ್ದ. ಈಗ ಶ್ಯಾವಿಗೆ ಎತ್ತಿ ತಿನ್ನಲು ಜೊತೆಗಿಟ್ಟಿದ್ದ ಕಡ್ಡಿಗಳನ್ನು ಬದಿಗೆ ಸರಿಸಿ, ಚಮಚದಲ್ಲಿ ಸಾರು ಎತ್ತಿ ಕುಡಿದ.

“ಚೆನ್ನಾಗೈತೆ.”

“ಅಷ್ಟೇನಾ?”

“ಉಪ್ಪು ಹದವಾಗೈತೆ. ಅಣಬೆ ಹಾಕವ್ರೆ. ಎಳ್ಳೆಣ್ಣೆ ವಾಸ್ನೆ ಬರ್ತೈತೆ...”

“ಆಮೇಲೆ?”

ಇನ್ನೊಂದು ಚಮಚ ಕುಡಿದ. “ಗಂಟಲು ದಾಟಿದ ಮೇಲೆ ಒಂಚೂರು ಸಿಹಿ ಉಳೀತೈತೆ.”

ಸುಲೋಚನಮ್ಮ ಖಾಲಿ ಬಾಯಲ್ಲೇ ಒಮ್ಮೆ ನುಂಗಿದಳು. ಅವಳ ಕಣ್ಣು ಅವನ ತುಟಿಯ ಮೇಲೇ ಇತ್ತು. ತೋಟಪ್ಪನ ಮಾತು ಮುಗಿದಿತ್ತು. ಆದರೂ ಅವಳು ಕಾಯುತ್ತಿದ್ದಳು. ಏನಾದರೂ ಹೇಳಲೇಬೇಕಿತ್ತು.

“ಏನೇ ಆಗ್ಲಿ, ನೀನು ಮಾಡ್ತಿದ್ದ ಹುರುಳಿಕಟ್ಟಿನ ಸಾರಿನ ಮುಂದೆ ಇದು ಏನೂ ಅಲ್ಲ ಬಿಡು.”

ಅವಳು ಸೆರಗಿನಿಂದ ಕಣ್ಣೊತ್ತಿಕೊಂಡು, ಇನ್ನೂ ಹಬೆಯಾಡುತ್ತಿದ್ದ ಬಟ್ಟಲನ್ನು ಅವನ ಮುಂದಿನಿಂದ ಮೇಜಿನ ಬದಿಗೆ ಸರಿಸಿದಳು.

“ಇದು ಸಾಕು,” ಎಂದಳು. “ಆ ಸಾರು ಹೆಂಗಿತ್ತು, ಅದನ್ನ ಹೇಳ್ರಿ.”